ಯಾಕುತ್ಸ್ಕ್‌ನಿಂದ ಒಂಬತ್ತು ಇಪ್ಪತ್ತರ ವಿಮಾನ

ಟ್ಯಾಕ್ಸಿ ಆಫೀಸಿನ ಫೋನಿನ ಮುಂದೆ ಇಪ್ಪತ್ತೆರಡು ವರ್ಷ ಕೂತು
ನಾನು ಜನಕ್ಕೆ ಹೇಳಿದ್ದು ಒಂದೇ ಮಾತು:
ಏಳು ನಿಮಿಷ.
ಮಂಜಿರಲಿ, ಸೊನ್ನೆಯ ಕೆಳಗೆ ನಲವತ್ತಾರಿರಲಿ,
ಗಾಡಿ ಪಕ್ಕದ ಬೀದಿಯಲ್ಲಿರಲಿ, ಲೆನಾ ನದಿಯ ಆಚೆ ದಡದಲ್ಲಿರಲಿ,
ಏಳು ನಿಮಿಷ, ಹೊರಗೆ ಬಂದು ನಿಲ್ಲಬೇಡಿ.
ಹಾಗಂದರೆ ಜನ ಕಾಯುತ್ತಾರೆ.

ಟಿಕೆಟಿನ ಹುಡುಗಿ ಸುಳ್ಳು ಹೇಳಲಿಲ್ಲ.
ಮಾಸ್ಕೋಗೆ ನಾಲ್ಕು ಸಾವಿರದ ಒಂಬೈನೂರು ಕಿಲೋಮೀಟರು,
ಆರೂಮುಕ್ಕಾಲು ಗಂಟೆ.
ಹೊರಡುವುದು ಒಂಬತ್ತು ಇಪ್ಪತ್ತಕ್ಕೆ, ಇಳಿಯುವುದು ಹತ್ತು ಐದಕ್ಕೆ.
ಅದೇ ಬೆಳಗ್ಗೆಯಾ?
ಅದೇ ಬೆಳಗ್ಗೆ ಅಜ್ಜಿ, ಅಲ್ಲಿನ ಗಡಿಯಾರ ಆರು ಗಂಟೆ ಹಿಂದೆ.
ಅಜ್ಜಿ ಅನ್ನುವುದು ಬೇಕಿರಲಿಲ್ಲ.

ನಮ್ಮಜ್ಜಿಗೆ ಕಿಲೋಮೀಟರು ಗೊತ್ತಿರಲಿಲ್ಲ.
ದಾರಿಗೆ ಕೊಸ್ ಲೆಕ್ಕ. ಹತ್ತಿರ ಹತ್ತಿರ ಹತ್ತು ಕಿಲೋಮೀಟರಿಗೊಂದು;
ಕುದುರೆ ಸುಸ್ತಾದರೆ ಅದೇ ಕೊಸ್ ಉದ್ದವಾಗುತ್ತಿತ್ತು.
ಹೊತ್ತಿಗೆ ಮಡಕೆಯ ಲೆಕ್ಕ:
ಮಾಂಸ ಒಂದು ಮಡಕೆ ಬೇಯುವಷ್ಟು, ಎರಡು ಮಡಕೆ ಬೇಯುವಷ್ಟು.
ಅಕ್ಕ ಅಗಾಫಿಯಾಳ ಮನೆಗೆ ನಾನೂರ ತೊಂಬತ್ತು ಕೊಸ್.
ಯಾವ ಕುದುರೆ, ಎಷ್ಟು ಮಡಕೆ!

ಮೀನು ತಗೊಂಡೆ. ಚೀರ್ ಮೀನು, ಮೂರು, ಮೊಳದುದ್ದ,
ಬಜಾರಿನಲ್ಲಿ ಸೌದೆಯ ಹಾಗೆ ನೆಟ್ಟಗೆ ನಿಲ್ಲಿಸಿ ಮಾರುವಂಥವು,
ಒಂದಕ್ಕೊಂದು ತಾಗಿದರೆ ಟಣ್ ಅನ್ನುವಂಥವು.
ಹಳೆಯ ಪೇಪರಿನಲ್ಲಿ ಸುತ್ತಿ ಮೇಲೊಂದು ಉಣ್ಣೆಯ ಶಾಲು.
ಒಳಗೇನು, ಅಂದ ತೂಕದವನು.
ರಾಜಿ, ಅನ್ನಬೇಕೆನಿಸಿತು.
ಮೀನು, ಅಂದೆ.

ಅವ್ವನ ಬೆಳ್ಳಿಯ ಎದೆಪದಕ ಯಾರಿಗೆ ಅಂತ
ಮಕ್ಕಳ ಹಾಗೆ ಟೂ ಬಿಟ್ಟು ಹನ್ನೊಂದು ವರ್ಷ.
ಪದಕ ಈಗ ಯಾರ ಹತ್ತಿರವೂ ಇಲ್ಲ.
ಹೇಗೆ ಹೋಯಿತೆನ್ನುವುದು ಬೇರೆ ಕಥೆ, ಅದರಲ್ಲಿ ನನ್ನದೂ ತಪ್ಪಿದೆ.

ವಿಮಾನ ಎದ್ದಾಗ ಸೂರ್ಯ ಆಗತಾನೇ ಹಿಮದಿಂದ ತಲೆಯೆತ್ತಿದ್ದ.
ಎಡಗಡೆ ಕಿಟಕಿ, ರೆಕ್ಕೆಯ ಹಿಂದೆ, ಬೆರಳಗಲ ಮೇಲೆ.
ಚಹಾ ಕೊಟ್ಟರು. ಅಲ್ಲೇ ಇದ್ದ.
ಲೆನಾ, ಯೆನಿಸೇ, ಓಬ್, ಮೂರೂ ಬಿಳಿ ಗೆರೆ,
ಯಾವುದು ಯಾವುದೆಂದು ಹೇಳಿದವನು ಪಕ್ಕದ ವಜ್ರದ ಗಣಿಯ ಹುಡುಗ.
ನಿದ್ದೆ ಮಾಡಿ ಎದ್ದೆ. ಅಲ್ಲೇ ಇದ್ದ,
ಬೆರಳಗಲ ಎರಡಾಗಿರಲಿಲ್ಲ.
ಭೂಮಿ ತಿರುಗುವಷ್ಟೇ ಜೋರಾಗಿ ನಾವೂ ಓಡುತ್ತಿದ್ದೇವೆ, ಅಂದ ಹುಡುಗ,
ಅದಕ್ಕೇ ಬೆಳಗಾಗುತ್ತಲೇ ಇದೆ.
ನಾನು ಉತ್ತರ ಕೊಡಲಿಲ್ಲ. ಅವಳಿಗೆ ಹೇಳುವ ಮೊದಲ ಮಾತು ಹೊಂದಿಸುತ್ತಿದ್ದೆ.
ಅಷ್ಟುದ್ದ ಬೆಳಗಿನಲ್ಲಿ ಒಂದೂ ನಿಲ್ಲಲಿಲ್ಲ.

ಮಾಸ್ಕೋದಲ್ಲಿ ಸೊನ್ನೆಯ ಕೆಳಗೆ ಬರೀ ಮೂರು. ಬೇಸಿಗೆ.
ತುಪ್ಪಳದ ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡೆ.
ಟ್ಯಾಕ್ಸಿಗೆ ಫೋನು ಮಾಡಿದೆ. ಏಳು ನಿಮಿಷ, ಅಂದಳು ಯಾರೋ ಹೆಂಗಸು.
ನಗು ಬಂತು. ನಲವತ್ತು ನಿಮಿಷ ಕಾದೆ.
ಟ್ರಾಫಿಕ್ಕಿನಲ್ಲಿ ಎರಡು ಗಂಟೆ, ಕಾಲ ಬುಡದಲ್ಲಿ ಹೀಟರು.
ಮೀನು ಬೆವರಿತು, ಪೇಪರು ಒದ್ದೆಯಾಯಿತು,
ಒಂಬತ್ತನೇ ಮಹಡಿಯ ಲಿಫ್ಟಿನಲ್ಲಿ ನನ್ನ ಬೂಟಿನ ಮೇಲೆ ತೊಟ್ಟಿಕ್ಕಿತು.

ಬಾಗಿಲು ತೆಗೆದಳು. ಕುಳ್ಳಗಾಗಿದ್ದಾಳೆ,
ಅಥವಾ ನನ್ನ ಸಿಟ್ಟಿನಲ್ಲಿ ಎತ್ತರವಾಗಿದ್ದಳು.
ಎಷ್ಟಕ್ಕೆ ಹೊರಟೆ?
ಒಂಬತ್ತು ಇಪ್ಪತ್ತಕ್ಕೆ.
ಇಳಿದದ್ದು?
ಹತ್ತು ಐದಕ್ಕೆ.
ಬೆರಳು ಮಡಚಿ ಎಣಿಸಿದಳು.
ಒಂದು ಮಡಕೆಯೂ ಬೇಯುವುದಿಲ್ಲ ಅಷ್ಟರಲ್ಲಿ, ಅಂದಳು ಥೇಟು ಅಜ್ಜಿಯ ದನಿಯಲ್ಲಿ,
ಹನ್ನೊಂದು ವರ್ಷ ಏನು ಮಾಡುತ್ತಿದ್ದೆ?
ನೀನೇನು ಮಾಡುತ್ತಿದ್ದೆ, ಅಂದೆ.

ಚಾಕು ತಂದಳು, ತೆಳ್ಳಗೆ ಹೆರೆದು ಉಪ್ಪು ಮೆಣಸಿನಲ್ಲಿ ಅದ್ದಿ ತಿನ್ನೋಣವೆಂದು.
ಚಾಕು ಮೆತ್ತಗೆ ಒಳಗಿಳಿಯಿತು.
ಕರಗಿಬಿಟ್ಟಿದೆ ತುಯಾರಾ, ಇದನ್ನು ಹೆರೆಯಲು ಬರುವುದಿಲ್ಲ.
ಹಾಗಾದರೆ ಬೇಯಿಸು.

ಮೇಲಿನ ಕಪಾಟಿನಿಂದ ಇದ್ದುದರಲ್ಲಿ ದೊಡ್ಡ ಪಾತ್ರೆಯನ್ನೇ ಇಳಿಸಿದಳು,
ಕಂಠಮಟ್ಟ ನೀರು ತುಂಬಿಸಿದಳು,
ಒಲೆ ಹಚ್ಚಿ, ನನ್ನ ಕಡೆ ನೋಡದೆ,
ಉರಿ ಸಣ್ಣ ಮಾಡಿದಳು.